ಸ್ಲೇಟು, ಬಳಪ, ಎರಡು ಕುರ್ಚಿ: ಭಾನುವಾರದ ಪ್ರಶ್ನೆಯ ಮೇಜು

ಬಸವನಗುಡಿಯಲ್ಲಿ ನಮ್ಮ ಮನೆಗೆ ಹತ್ತಿರವಿರುವ ಉದ್ಯಾನದಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ 7 ಗಂಟೆಗೆ ಒಬ್ಬ ಯುವತಿ ಮತ್ತು ಇಬ್ಬರು ಯುವಕರು ಒಂದು ಮಡಚುವ ಮೇಜನ್ನು ತಂದು ಮರದ ಕೆಳಗೆ ಬಿಡಿಸಿಡುತ್ತಾರೆ. ಮೇಜಿನ ಎರಡು ಕಡೆ ಎರಡು ಪ್ಲಾಸ್ಟಿಕ್ ಕುರ್ಚಿಗಳು. ಮೇಲೆ ಮಕ್ಕಳು ಬರೆಯುವ ಸ್ಲೇಟು, ಬಳಪ, ಒಂದು ಮರಳುಗಡಿಯಾರ, ನೀರಿನ ಬಾಟಲಿ. ಮೇಜಿಗೆ ಒರಗಿಸಿದ ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಹೀಗೆ ಬರೆದಿರುತ್ತದೆ: ‘ನಿಮಗೆ ಖಂಡಿತವಾಗಿ ಗೊತ್ತಿರುವ ಒಂದು ಸಂಗತಿಯನ್ನು ಹೇಳಿ. ಅದು ಹೇಗೆ ಗೊತ್ತಾಯಿತು ಎಂದು 15 ನಿಮಿಷ ಮಾತನಾಡೋಣ. ಹಣ ಬೇಡ, ಹೆಸರು ಬೇಡ.’ 9 ಗಂಟೆಯ ಹೊತ್ತಿಗೆ ಎಲ್ಲವನ್ನೂ ಮಡಚಿಕೊಂಡು ಹೊರಡುತ್ತಾರೆ. ತಮ್ಮ ಹೆಸರನ್ನಾಗಲಿ ಉದ್ಯಾನದ ಹೆಸರನ್ನಾಗಲಿ ಬರೆಯಬಾರದೆಂದು ಅವರು ಕೋರಿದ್ದಾರೆ. ಸಿದ್ಧರಾಗಿ ಬರುವವರಿಗಿಂತ ದಾರಿಯಲ್ಲಿ ಹೋಗುತ್ತ ನಿಂತವರೇ ತಮಗೆ ಬೇಕು ಎಂಬುದು ಅವರ ಕಾರಣ. ಆ ಕೋರಿಕೆಗೆ ಬದ್ಧಳಾಗಿ, ನಾನು ಆರು ಭಾನುವಾರ ಅಲ್ಲಿಗೆ ಹೋಗಿ, ಒಮ್ಮೆ ಕುರ್ಚಿಯ ಮೇಲೆ ಕುಳಿತು, ಉಳಿದಂತೆ ಪಕ್ಕದ ಕಲ್ಲುಬೆಂಚಿನಿಂದ ನೋಡಿ ಕಂಡುಕೊಂಡದ್ದನ್ನು ಬರೆಯುತ್ತಿದ್ದೇನೆ. ಉಚಿತವಾದ ಸೇವೆಗೆ ವಿಮರ್ಶೆಯೇಕೆ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಅಲ್ಲಿ ಕುಳಿತವರು ತಮ್ಮ ಬದುಕಿನ 15 ನಿಮಿಷವನ್ನೂ ತಾವು ಬಹುಕಾಲ ಜೋಪಾನ ಮಾಡಿದ ಒಂದು ಮಾತನ್ನೂ ಅಪರಿಚಿತರ ಕೈಗೆ ಕೊಡುತ್ತಾರೆ. ಅದಕ್ಕಿಂತ ದೊಡ್ಡ ಬೆಲೆ ಯಾವ ಹೋಟೆಲಿನ ಬಿಲ್ಲಿನಲ್ಲೂ ಇರುವುದಿಲ್ಲ.

ಕ್ರಮ ಸರಳವಾಗಿದೆ. ಕುಳಿತವರು ಒಂದು ಮಾತು ಹೇಳುತ್ತಾರೆ. ಎದುರಿಗಿರುವವರು ಅದನ್ನು ಸ್ಲೇಟಿನ ಮೇಲೆ ಬರೆದು, ‘ನೀವು ಹೇಳಿದ್ದು ಇದೇ ತಾನೇ?’ ಎಂದು ತೋರಿಸುತ್ತಾರೆ. ತಿದ್ದುವುದಿದ್ದರೆ ತಿದ್ದಿಸಿಕೊಳ್ಳುತ್ತಾರೆ. ಆಮೇಲೆ, ಈ ಮಾತು ನಿಜವೆಂದು ನಿಮಗೆ 100ಕ್ಕೆ ಎಷ್ಟು ಖಚಿತ ಎಂದು ಕೇಳಿ ಆ ಅಂಕಿಯನ್ನು ಸ್ಲೇಟಿನ ಮೂಲೆಯಲ್ಲಿ ಬರೆದು, ಮರಳುಗಡಿಯಾರವನ್ನು ತಿರುವಿ ಇಡುತ್ತಾರೆ. ಮುಂದೆ ಪ್ರಶ್ನೆಗಳು. ಕೇಳುವವರು ತಮ್ಮ ಅಭಿಪ್ರಾಯವನ್ನು ಹೇಳುವುದಿಲ್ಲ, ಪುಸ್ತಕದ ಆಧಾರ ಕೊಡುವುದಿಲ್ಲ, ‘ಹಾಗಲ್ಲ’ ಎನ್ನುವುದಿಲ್ಲ. ಮರಳು ಇಳಿದ ಮೇಲೆ ಮತ್ತೊಮ್ಮೆ ಅಂಕಿಯನ್ನು ಕೇಳಿ, ಹೆಚ್ಚಾಗಲಿ ಕಡಿಮೆಯಾಗಲಿ ಇದ್ದಷ್ಟೇ ಇರಲಿ, ಕೈಮುಗಿದು ಕಳುಹಿಸುತ್ತಾರೆ.

ನಾನು ಕುಳಿತದ್ದು ಎರಡನೆಯ ಭಾನುವಾರ. ಒಂದು ಸಹಕಾರಿ ಬ್ಯಾಂಕಿನ ಲೆಕ್ಕಪತ್ರ ವಿಭಾಗದಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತಳಾದವಳು ನಾನು. ದೇವರ ವಿಷಯವನ್ನು ಅಷ್ಟು ಜನರ ಮುಂದೆ ಎತ್ತಲು ಮನಸ್ಸಾಗದೆ, ‘ರಾಹುಕಾಲದಲ್ಲಿ ಆರಂಭಿಸಿದ ಕೆಲಸ ಕೈಹತ್ತುವುದಿಲ್ಲ’ ಎಂದು ಬರೆಸಿದೆ. ಅಂಕಿ ಕೇಳಿದಾಗ 90 ಎಂದೆ.

‘ಮೇಡಂ, ಇದು ನಿಮಗೆ ಮೊದಲು ಎಲ್ಲಿಂದ ತಿಳಿಯಿತು?’ ಎಂದು ಆ ಯುವತಿ ಕೇಳಿದಳು. ತಾಯಿಯಿಂದ ಎಂದೆ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ದಿನದಿನದ ರಾಹುಕಾಲ ಅಚ್ಚಾಗಿರುತ್ತಿತ್ತು; ಅದನ್ನು ನೋಡದೆ ಅಮ್ಮ ಹಪ್ಪಳದ ಹಿಟ್ಟನ್ನೂ ಕಲೆಸುತ್ತಿರಲಿಲ್ಲ. ಆದರೆ ಬರೀ ಹೇಳಿಕೆಯ ಮಾತಲ್ಲ, ಅನುಭವವೂ ಇದೆ ಎಂದು ನಾನೇ ಮುಂದುವರಿಸಿದೆ. ನಮ್ಮಣ್ಣ ಒಂದು ಶುಕ್ರವಾರ ಬೆಳಿಗ್ಗೆ 11 ಗಂಟೆಗೆ ಅಂಗಡಿಯ ಪೂಜೆ ಮಾಡಿಸಿದ. ಶುಕ್ರವಾರ 10.30ರಿಂದ 12ರವರೆಗೆ ರಾಹುಕಾಲ. ಎರಡು ವರ್ಷದಲ್ಲಿ ಅಂಗಡಿ ಮುಚ್ಚಿತು. ಇಂಥವೇ ಇನ್ನೆರಡು ಸಂಗತಿಗಳನ್ನು ಹೇಳಿದೆ. ಆಕೆ ಮೂರನ್ನೂ ತನ್ನ ಮಾತಿನಲ್ಲಿ ಮರಳಿ ಹೇಳಿ, ಸರಿಯಾಗಿ ಅರ್ಥವಾಗಿದೆಯೇ ಎಂದು ನನ್ನಿಂದ ಖಚಿತಪಡಿಸಿಕೊಂಡಳು. ಆಮೇಲೆ ಕೇಳಿದಳು: ‘ಒಳ್ಳೆಯ ಹೊತ್ತು ನೋಡಿ ಆರಂಭಿಸಿಯೂ ಕೆಟ್ಟುಹೋದ ಕೆಲಸ ಯಾವುದಾದರೂ ನೆನಪಾಗುತ್ತದೆಯೇ?’

ನೆನಪಾಗದೆ ಏನು? ಇಬ್ಬರು ಪುರೋಹಿತರು ಕೂಡಿ ಮುಹೂರ್ತ ಇಟ್ಟ ನನ್ನ ತಂಗಿಯ ಮದುವೆ ಮೂರು ವರ್ಷ ಬಾಳಲಿಲ್ಲ. ಅದನ್ನು ಹೇಳುವಾಗ ನನ್ನ ಸ್ವರ ಸ್ವಲ್ಪ ತಗ್ಗಿದ್ದು ನನಗೇ ಕೇಳಿಸಿತು. ಆಕೆ ಕೂಡಲೇ ಮುಂದಿನ ಪ್ರಶ್ನೆಗೆ ಹೋಗಲಿಲ್ಲ. ನೀರಿನ ಬಾಟಲಿಯನ್ನು ನನ್ನ ಕಡೆ ಸರಿಸಿ ಸುಮ್ಮನಿದ್ದು, ಸ್ವಲ್ಪ ಹೊತ್ತಾದ ಮೇಲೆ, ‘ರಾಹುಕಾಲದಲ್ಲೇ ಆರಂಭವಾಗಿ ಚೆನ್ನಾಗಿ ನಡೆದ ಕೆಲಸಗಳು ಇರಬಹುದೇ ಮೇಡಂ? ಅವನ್ನು ಎಲ್ಲಿ ಹುಡುಕಬೇಕು?’ ಎಂದಳು.

ಆ ಪ್ರಶ್ನೆಗೆ ನಾನು ತುಂಬ ಹೊತ್ತು ಉತ್ತರ ಕೊಡಲಿಲ್ಲ. ಏಕೆಂದರೆ ಎಲ್ಲಿ ಹುಡುಕಬೇಕೆಂಬುದು ನನಗೆ ತಕ್ಷಣ ಹೊಳೆದಿತ್ತು. ನಮ್ಮ ಬ್ಯಾಂಕಿನ ಕೌಂಟರು 10 ಗಂಟೆಗೆ ತೆರೆಯುತ್ತಿತ್ತು. ಶುಕ್ರವಾರ ರಾಹುಕಾಲ ಮುಗಿಯಲೆಂದು 12ರವರೆಗೆ ಬೆಂಚಿನ ಮೇಲೆ ಕಾದು ಕುಳಿತು ಆಮೇಲೆ ಠೇವಣಿ ಇಡುವ ಗ್ರಾಹಕರಿದ್ದರು, ನಿಜ. ಆದರೆ ಅದನ್ನು ಲೆಕ್ಕಿಸದೆ ಆ ಒಂದೂವರೆ ಗಂಟೆಯೊಳಗೇ ಖಾತೆ ತೆರೆದವರು, ಸಾಲದ ಕಾಗದಕ್ಕೆ ಸಹಿ ಹಾಕಿದವರು ಅದಕ್ಕಿಂತ ಹೆಚ್ಚಾಗಿಯೇ ಇದ್ದರು. 31 ವರ್ಷ ಆ ಪುಸ್ತಕಗಳು ನನ್ನ ಕೈಯಲ್ಲಿದ್ದವು. ಯಾವ ಸಾಲ ತೀರಿತು, ಯಾವುದು ಸುಸ್ತಿಯಾಯಿತು ಎಂಬುದನ್ನು ತಾಳೆ ನೋಡುವುದೇ ನನ್ನ ಕೆಲಸವಾಗಿತ್ತು. ಜಮಾ ಬದಿಯನ್ನು ಮಾತ್ರ ಬರೆದು ಖರ್ಚಿನ ಬದಿಯನ್ನು ಖಾಲಿ ಬಿಟ್ಟ ಒಂದು ಪುಟವನ್ನೂ ನಾನು ಮೇಲಧಿಕಾರಿಗೆ ಕಳುಹಿಸಿದವಳಲ್ಲ. ಅಂಥ ನಾನು ರಾಹುಕಾಲದ ಲೆಕ್ಕವನ್ನು ಮಾತ್ರ ಒಂದೇ ಬದಿಯಲ್ಲಿ ಬರೆದಿಟ್ಟುಕೊಂಡು, ಕೂಡಿ ನೋಡದೆಯೇ 90 ಎಂದು ಹೇಳಿಬಿಟ್ಟಿದ್ದೆ. ಹಗಲನ್ನು ಎಂಟು ಪಾಲು ಮಾಡಿ ಅದರಲ್ಲಿ ಒಂದನ್ನು ರಾಹುವಿಗೆ ಕೊಡುವುದು ಪಂಚಾಂಗದ ಕ್ರಮ. ಆದ್ದರಿಂದ ಹೊತ್ತು ನೋಡದೆ ಹಗಲಿನಲ್ಲಿ ಆರಂಭಿಸಿದ ಎಂಟು ಕೆಲಸಗಳಲ್ಲಿ ಸರಾಸರಿ ಒಂದು ರಾಹುಕಾಲಕ್ಕೆ ಬಿದ್ದೇ ಬೀಳುತ್ತದೆ. ಕೆಟ್ಟ ಕೆಲಸಗಳಲ್ಲೂ ಎಂಟರಲ್ಲಿ ಒಂದು ಬಿದ್ದರೆ ಅದರಲ್ಲಿ ರಾಹುವಿನ ಕೈವಾಡವನ್ನು ಕಾಣುವ ಅಗತ್ಯವಿಲ್ಲ. ಈ ಲೆಕ್ಕವನ್ನು ಆಕೆ ಹೇಳಲಿಲ್ಲ. ಕುಳಿತಲ್ಲೇ ನಾನು ಹಾಕಿದೆ.

ಕೊನೆಯ ಪ್ರಶ್ನೆ ಹೀಗಿತ್ತು: ‘ಬೇರೆ ಕಡೆಯವರು ಇದೇ ಹೊತ್ತನ್ನು ಒಳ್ಳೆಯದೆಂದು ಎಣಿಸುತ್ತಿದ್ದರೆ, ಇಬ್ಬರಲ್ಲಿ ಯಾರದು ಸರಿಯೆಂದು ಹೇಗೆ ತೀರ್ಮಾನಿಸಬಹುದು?’ ಇದಕ್ಕೆ ಅಲ್ಲಿ ನನ್ನಲ್ಲಿ ಉತ್ತರವಿರಲಿಲ್ಲ. ಮನೆಗೆ ಬಂದ ಮೇಲೆ, ಗುಜರಾತಿನ ಕಡೆಯವರು ನೋಡುವ ಚೌಘಡಿಯಾದ ಪಟ್ಟಿಯನ್ನು ನಮ್ಮ ಕ್ಯಾಲೆಂಡರಿನ ಪಕ್ಕದಲ್ಲಿಟ್ಟು ನೋಡಿದೆ. ಅವರೂ ಹಗಲನ್ನು ಎಂಟು ಪಾಲು ಮಾಡುತ್ತಾರೆ. ಸೂರ್ಯೋದಯವನ್ನು 6 ಗಂಟೆಗೆ ಎಣಿಸಿದರೆ ಗುರುವಾರ ಮಧ್ಯಾಹ್ನ 1.30ರಿಂದ 3ರವರೆಗೆ ನಮಗೆ ರಾಹುಕಾಲ; ಅದೇ ಒಂದೂವರೆ ಗಂಟೆ ಚೌಘಡಿಯಾದಲ್ಲಿ ‘ಅಮೃತ’. ಮಂಗಳವಾರ 3ರಿಂದ 4.30ರವರೆಗಿನ ನಮ್ಮ ರಾಹುಕಾಲ ಅಲ್ಲಿ ‘ಶುಭ’. ಎರಡು ಪಟ್ಟಿಗಳೂ ಹಿರಿಯರಿಂದ ಬಂದವು, ಎರಡಕ್ಕೂ ಅನುಭವದ ಸಾಕ್ಷಿ ಹೇಳುವವರಿದ್ದಾರೆ. ಹಿರಿಯರ ಮಾತು, ಸ್ವಂತ ಅನುಭವ ಎಂದು ನಾನು ಕೊಟ್ಟ ಎರಡು ಕಾರಣಗಳು ಅವರ ಕಡೆಯೂ ಅಷ್ಟೇ ಬಲವಾಗಿ ನಿಲ್ಲುತ್ತವೆ ಎಂಬುದನ್ನು ಆ ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟಾಗ ನೋಡಿದಷ್ಟು ಸ್ಪಷ್ಟವಾಗಿ ನಾನು ಹಿಂದೆಂದೂ ನೋಡಿರಲಿಲ್ಲ.

ಮರಳು ಇಳಿದಾಗ ನನ್ನ ಅಂಕಿ 60 ಆಗಿತ್ತು. ‘ಯಾಕೆ ಇನ್ನೂ 60?’ ಎಂದು ಆಕೆ ಕೇಳಬಹುದೆಂದುಕೊಂಡೆ. ಕೇಳಲಿಲ್ಲ. ಬಳಪದಲ್ಲಿ 60 ಎಂದು ಬರೆದು, ‘ಇಷ್ಟು ಹೊತ್ತು ಕೂತು ಮಾತಾಡಿದ್ದಕ್ಕೆ ಧನ್ಯವಾದ ಮೇಡಂ’ ಎಂದು ಎದ್ದು ನಿಂತಳು. ಈ ಸೇವೆಯ ಅತ್ಯುತ್ತಮ ಗುಣ ಯಾವುದೆಂದು ಯಾರಾದರೂ ಕೇಳಿದರೆ, ಆ ಕೇಳದೆ ಬಿಟ್ಟ ಪ್ರಶ್ನೆಯನ್ನು ನಾನು ತೋರಿಸುತ್ತೇನೆ. ಮನೆಯಲ್ಲಿ ಮಗನೊಂದಿಗೆ ಇದೇ ವಿಷಯವಾಗಿ ಹತ್ತಾರು ಬಾರಿ ಮಾತು ಬೆಳೆದಿದೆ, ಒಮ್ಮೆಯೂ ನನ್ನ ಅಂಕಿ ಕದಲಿಲ್ಲ. ಅಲ್ಲಿ ಸೋತರೆ ತಾಯಿಯೇ ಸೋತಂತೆ. ಹೀಗಾಗಿ ಮಾತಿನ ಸತ್ಯಕ್ಕಿಂತ ಮಾತಿನ ಮಾನವೇ ಮುಂದೆ ಬರುತ್ತದೆ. ನನ್ನ ಹೆಸರನ್ನೂ ಕೇಳದ, ನಾಳೆ ಎದುರಾದರೂ ಆ ಮಾತನ್ನು ಎತ್ತದ ಒಬ್ಬ ಹುಡುಗಿಯ ಮುಂದೆ ಸೋಲುವುದಕ್ಕೇನೂ ಇರಲಿಲ್ಲ.

ನಮ್ಮ ನ್ಯಾಯಶಾಸ್ತ್ರದಲ್ಲಿ ಮಾತುಕತೆಯನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ಸತ್ಯವನ್ನು ತಿಳಿಯಲೆಂದು ನಡೆಯುವುದು ವಾದ, ಗೆಲ್ಲಲೆಂದು ನಡೆಯುವುದು ಜಲ್ಪ, ತನ್ನದೇ ಪಕ್ಷವನ್ನು ಮುಂದಿಡದೆ ಎದುರಿನವರದನ್ನು ಕೆಡಹುವುದಷ್ಟೇ ಗುರಿಯಾದರೆ ವಿತಂಡೆ. ಈ ಮೂರರಲ್ಲಿ ‘ವಿತಂಡವಾದ’ವೊಂದೇ ನಮ್ಮ ದಿನಬಳಕೆಯ ಬೈಗುಳವಾಗಿ ಉಳಿದಿರುವುದು ನಾವು ಹೆಚ್ಚಾಗಿ ಏನನ್ನು ಮಾಡುತ್ತ ಬಂದಿದ್ದೇವೆ ಎಂಬುದನ್ನು ಹೇಳುತ್ತದೆ. ಮೇಜಿನವರು ತಮ್ಮ ಪಕ್ಷವನ್ನು ಹೇಳದಿರುವುದರಿಂದ ಇದೂ ವಿತಂಡೆಯೇ ಎಂದು ಬೆಂಚಿನ ಮೇಲೆ ನನ್ನ ಪಕ್ಕ ಕುಳಿತಿದ್ದ ನಿವೃತ್ತ ಸಂಸ್ಕೃತ ಅಧ್ಯಾಪಕರೊಬ್ಬರು ಆಕ್ಷೇಪಿಸಿದರು. ಆಕ್ಷೇಪ ತೂಕದ್ದು. ಆದರೆ ಆರು ವಾರ ನೋಡಿದ ಮೇಲೆ ನಾನು ಅದನ್ನು ಒಪ್ಪಲಾರೆ. ವಿತಂಡೆಯಲ್ಲಿ ಎದುರಿನವರ ಮಾತು ಬೀಳಬೇಕು. ಇಲ್ಲಿ ಮಾತು ನಿಂತರೂ ಅವರಿಗೆ ಸಂತೋಷವೇ. ಎರಡು ಸಲ ನಾನು ಅಂಕಿ ಏರಿದ್ದನ್ನೂ ಕಂಡೆ. ಸಸಿ ನೆಡುವ ಕೆಲಸ ಮಾಡುವ ಒಬ್ಬರು, ಹೊಂಗೆಯ ನೆರಳು ಬೇರೆ ಮರಗಳ ನೆರಳಿಗಿಂತ ತಂಪು ಎಂದು ಬರೆಸಿ 80ರಿಂದ ಆರಂಭಿಸಿದ್ದರು. ಪ್ರಶ್ನೆಗೆ ಉತ್ತರವಾಗಿ ಎಲೆಯ ದಟ್ಟಣೆ, ಬೇಸಿಗೆಯ ಹೊತ್ತಿಗೆ ಹೊಸ ಚಿಗುರು ತುಂಬಿರುವುದು, ಉಷ್ಣಮಾಪಕ ಇಟ್ಟು ಅಳೆದು ನೋಡಬಹುದಾದ ಬಗೆ, ಹೀಗೆ ಒಂದೊಂದಾಗಿ ಹೇಳುತ್ತ ಹೋಗಿ, ಎದ್ದಾಗ 85 ಎಂದರು.

ಈ ಬಗೆಯ ಮಾತುಕತೆಯ ವಂಶಾವಳಿ ಉದ್ದದ್ದು. ಕ್ರಿ.ಪೂ. 399ರಲ್ಲಿ ವಿಷದ ಬಟ್ಟಲಿಗೆ ಬಾಯಿಟ್ಟ ಸಾಕ್ರಟೀಸ್ ಅಥೆನ್ಸಿನ ಪೇಟೆಯಲ್ಲಿ ಸಿಕ್ಕಸಿಕ್ಕವರನ್ನು ನಿಲ್ಲಿಸಿ ಧೈರ್ಯವೆಂದರೇನು, ಭಕ್ತಿಯೆಂದರೇನು ಎಂದು ಕೇಳುತ್ತಿದ್ದ. ಪ್ಲೇಟೋ ಬರೆದಂತೆ ಅವನ ತಾಯಿ ಸೂಲಗಿತ್ತಿ. ತಾನೂ ಅದೇ ಕಸುಬು ಮಾಡುವವನೆಂದೂ, ಎದುರಿನವರ ಒಳಗಿರುವುದನ್ನು ಹೊರತಂದು ಅದಕ್ಕೆ ಜೀವವಿದೆಯೇ ಎಂದು ನೋಡುವುದಷ್ಟೇ ತನ್ನ ಕೆಲಸವೆಂದೂ ಅವನು ಹೇಳಿಕೊಂಡದ್ದುಂಟು. 1992ರಲ್ಲಿ ಮಾರ್ಕ್ ಸೋಟೆ ಎಂಬ ಫ್ರೆಂಚ್ ತತ್ತ್ವಶಾಸ್ತ್ರಜ್ಞರು ಪ್ಯಾರಿಸ್ಸಿನ ಬಾಸ್ಟೀಯ್ ಚೌಕದ ಒಂದು ಕಾಫಿಗೃಹದಲ್ಲಿ ಭಾನುವಾರ ಬೆಳಗಿನ ತತ್ತ್ವಚರ್ಚೆ ಆರಂಭಿಸಿದರು. ಬಂದವರೇ ವಿಷಯ ಸೂಚಿಸುವ ಆ ಪದ್ಧತಿ ಬೇರೆ ದೇಶಗಳಿಗೂ ಹರಡಿತು. ಆದರೆ ನಮ್ಮ ಉದ್ಯಾನದ ಮೇಜಿಗೆ ತೀರ ಹತ್ತಿರದ ಮೂಲ ಅಮೆರಿಕದ್ದು. ಅಂಕಿ ಕೇಳುವುದು, ಮಾತನ್ನು ಮರಳಿ ಹೇಳುವುದು, ನಂಬಿದ ಸಂಗತಿಗಿಂತ ನಂಬಿದ ದಾರಿಯನ್ನು ವಿಚಾರಿಸುವುದು, ಇದೆಲ್ಲ 2013ರಲ್ಲಿ ಪೀಟರ್ ಬೊಗೋಸಿಯನ್ ಎಂಬ ತತ್ತ್ವಶಾಸ್ತ್ರದ ಅಧ್ಯಾಪಕರು ‘ಸ್ಟ್ರೀಟ್ ಎಪಿಸ್ಟಮಾಲಜಿ’ ಎಂಬ ಹೆಸರಿನಲ್ಲಿ ವಿವರಿಸಿದ ಕ್ರಮ. ಟೆಕ್ಸಾಸ್ ರಾಜ್ಯದ ಸ್ಯಾನ್ ಆಂಟೋನಿಯೊದಲ್ಲಿ ಆಂಥನಿ ಮ್ಯಾಗ್ನಬಾಸ್ಕೊ ಎಂಬವರು ದಾರಿಹೋಕರೊಂದಿಗೆ ಗಡಿಯಾರವಿಟ್ಟು ಹೀಗೆ ಮಾತನಾಡಿ, ಅದರ ದೃಶ್ಯಗಳನ್ನು ಪ್ರಕಟಿಸಿ ಅದನ್ನು ಜನಪ್ರಿಯಗೊಳಿಸಿದರು. ಮೇಜಿನ ಮೂವರೂ ಕಲಿತದ್ದು ಆ ದೃಶ್ಯಗಳನ್ನು ನೋಡಿ.

ಬಸವನಗುಡಿಗೆ ಇದು ತೀರ ಹೊಸದೇನೂ ಅಲ್ಲ. ಈ ಉದ್ಯಾನದಿಂದ ನಡೆದು ಹೋಗುವಷ್ಟು ದೂರದಲ್ಲಿ ನ್ಯಾಷನಲ್ ಕಾಲೇಜಿದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಬಂದು, ನ್ಯಾಷನಲ್ ಹೈಸ್ಕೂಲಿನಲ್ಲಿ ಓದಿ, ಈ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ, ಪ್ರಾಂಶುಪಾಲರಾಗಿ, ವಿದ್ಯಾರ್ಥಿನಿಲಯದ ಕೋಣೆಯಲ್ಲೇ ಬದುಕಿದ ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಕಟ್ಟಿದರು. ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಪರೀಕ್ಷೆಗೆ ಒಡ್ಡಬಹುದಾದ ಇತರ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಸಮಿತಿಯೊಂದನ್ನು ರಚಿಸಿದರು. ವೈಜ್ಞಾನಿಕ ಮನೋಭಾವವನ್ನೂ ಪ್ರಶ್ನಿಸುವ ಗುಣವನ್ನೂ ನಾಗರಿಕರ ಮೂಲಭೂತ ಕರ್ತವ್ಯವೆಂದು ಸಂವಿಧಾನಕ್ಕೆ ಸೇರಿಸಿದ 42ನೆಯ ತಿದ್ದುಪಡಿಯೂ ಅದೇ ವರ್ಷದ್ದು. ಆ ಸಮಿತಿ ಪ್ರಶ್ನೆ ಕೇಳಿದ್ದು ಪವಾಡ ಮಾಡುತ್ತೇವೆ ಎನ್ನುವವರನ್ನು. ಈ ಮೇಜು ಕೇಳುವುದು ನಂಬಿದವರನ್ನು, ಅದೂ ಅವರಾಗಿಯೇ ಬಂದು ಕುಳಿತಾಗ. ಮೊದಲನೆಯದಕ್ಕೆ ಎದೆಗಾರಿಕೆ ಬೇಕು, ಎರಡನೆಯದಕ್ಕೆ ತಾಳ್ಮೆ ಬೇಕು. ಈ ರಾಜ್ಯದಲ್ಲಿ ಪ್ರಶ್ನೆ ಕೇಳುವವರ ಮನೆಯ ಬಾಗಿಲಿಗೆ ಏನು ಬರಬಹುದೆಂಬುದನ್ನು 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರ ಹತ್ಯೆಯಾದಾಗ ಎಲ್ಲರೂ ಕಂಡಿದ್ದೇವೆ. ಆದ್ದರಿಂದ ಬಯಲಿನಲ್ಲಿ, ಹಗಲಿನಲ್ಲಿ, ಬಂದುಹೋಗುವವರ ನಡುವೆ ಒಂದು ಸ್ಲೇಟು ಹಿಡಿದು ಕುಳಿತಿರುವ ಈ ಮೂವರ ಬಗ್ಗೆ ನನಗೆ ಗೌರವವಿದೆ. ಅವರ ದೋಷಗಳನ್ನು ಹೇಳುವಾಗಲೂ ಆ ಗೌರವ ಕಡಿಮೆಯಾಗುವುದಿಲ್ಲ.

ಮೊದಲ ದೋಷ ಭಾಷೆಯದು. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದೂ ಅದೇ. ಇವರು ಕ್ರಮವನ್ನು ಇಂಗ್ಲಿಷಿನಲ್ಲಿ ಕಲಿತಿದ್ದಾರೆ, ಮಾತನಾಡುವುದು ಕನ್ನಡದಲ್ಲಿ. ‘ನಿಮ್ಮ ನಂಬಿಕೆ 100ಕ್ಕೆ ಎಷ್ಟು?’ ಎಂದು ಯುವಕನೊಬ್ಬ ಮೂರನೆಯ ವಾರ ಒಬ್ಬ ಅಜ್ಜಿಯನ್ನು ಕೇಳಿದ. ಅಜ್ಜಿ ಸ್ಲೇಟಿನಲ್ಲಿ ಬರೆಸಿದ್ದು ಹರಕೆಯ ವಿಷಯ. ‘ನೂರಕ್ಕೆ ನೂರಪ್ಪ, ಅದ್ರಲ್ಲಿ ಕಮ್ಮಿ ಹೇಳ್ಬಾರ್ದು’ ಎಂದರು. ಕಮ್ಮಿ ಇಲ್ಲ ಎಂದಲ್ಲ, ಕಮ್ಮಿ ಹೇಳಬಾರದು ಎಂದು. ಕನ್ನಡದಲ್ಲಿ ನಂಬಿಕೆ ಎಂದರೆ ಒಂದು ಸಂಗತಿ ನಿಜವೆಂದು ಎಣಿಸುವುದಷ್ಟೇ ಅಲ್ಲ. ನಂಬಿಗಸ್ತ ಎನ್ನುತ್ತೇವೆ, ನಂಬಿಕೆದ್ರೋಹ ಎನ್ನುತ್ತೇವೆ, ನಂಬಿ ಕೆಟ್ಟವರಿಲ್ಲ ಎನ್ನುತ್ತೇವೆ. ಅದು ನಂಟಿನ ಮಾತು. ದೇವರ ಮೇಲಿನ ನಂಬಿಕೆಗೆ 70 ಎಂದು ಅಂಕಿ ಕೊಡುವುದು ಗಂಡನ ಮೇಲಿನ ನಂಬಿಕೆಗೆ 70 ಎಂದು ಅಂಕಿ ಕೊಟ್ಟಂತೆ. ಲೆಕ್ಕ ಸರಿಯಿದ್ದರೂ ಹೇಳುವುದು ಅಪಚಾರ. ಅಜ್ಜಿ ಕೊಟ್ಟ 100 ನಿಷ್ಠೆಯ ಅಂಕಿಯಾಗಿತ್ತು. ಯುವಕ ಅದನ್ನು ಖಚಿತತೆಯ ಅಂಕಿಯೆಂದು ಬರೆದುಕೊಂಡ. ಮುಂದಿನ 15 ನಿಮಿಷ ಇಬ್ಬರೂ ಬೇರೆ ಬೇರೆ ವಿಷಯ ಮಾತನಾಡಿದರು.

‘ನಿಮಗೆ ಹೇಗೆ ಗೊತ್ತು?’ ಎಂಬ ಪ್ರಶ್ನೆಗೂ ಇದೇ ತೊಂದರೆ. ಕನ್ನಡದ ಕಿವಿಗೆ ಅದು ‘ನಿನಗೇನು ಗೊತ್ತು’ ಎಂಬ ಜಗಳದ ಮಾತಿಗೆ ತೀರ ಹತ್ತಿರದಲ್ಲಿದೆ. ನನ್ನೊಂದಿಗೆ ಮಾತನಾಡಿದ ಯುವತಿ ಅದನ್ನು ಬಿಟ್ಟು ‘ಎಲ್ಲಿಂದ ತಿಳಿಯಿತು’ ಎಂದು ಕೇಳಿದ್ದು ನನಗೆ ಆಗ ಸಹಜವೆನಿಸಿತ್ತು. ಆಮೇಲೆ ಯೋಚಿಸಿದಾಗ ಅದು ಆಕೆಯ ಜಾಣ್ಮೆಯೆಂದು ಅರ್ಥವಾಯಿತು. ‘ಎಲ್ಲಿಂದ’ ಎಂದಾಗ ತಾಯಿ ನೆನಪಾಗುತ್ತಾಳೆ, ಅಡುಗೆಮನೆ ನೆನಪಾಗುತ್ತದೆ, ಮಾತು ತಾನಾಗಿ ಬಿಚ್ಚಿಕೊಳ್ಳುತ್ತದೆ. ಪ್ರತ್ಯಕ್ಷವೋ, ಅನುಮಾನವೋ, ಆಪ್ತರ ಮಾತೋ ಎಂದು ಪ್ರಮಾಣಗಳನ್ನು ಎಣಿಸಿದ ನಾಡಿನ ಭಾಷೆಯಲ್ಲಿ ಇಂಥ ಪ್ರಶ್ನೆಗಳಿಗೆ ಬಡತನವಿಲ್ಲ. ‘ಕಂಡದ್ದೋ ಕೇಳಿದ್ದೋ?’ ಎಂಬ ಎರಡು ಪದಗಳು ನಮ್ಮ ಹಳ್ಳಿಗಳ ಪಂಚಾಯಿತಿಕಟ್ಟೆಯಲ್ಲಿ ಮಾಡುವ ಕೆಲಸವನ್ನು ಯಾವ ಶೇಕಡಾ ಅಂಕಿಯೂ ಮಾಡಲಾರದು. ಇದನ್ನು ನಾನು ಅವರಿಗೆ ಹೇಳಿದೆ. ಐದನೆಯ ವಾರ ರಟ್ಟಿನ ಕೆಳಗೆ ಆ ಎರಡು ಪದಗಳನ್ನು ಬರೆದಿದ್ದರು.

ಅಂಕಿಯನ್ನು ಪೂರ್ತಿ ಕೈಬಿಡಬೇಕೆಂದು ನಾನು ಹೇಳುವುದಿಲ್ಲ. ಉದ್ಯಾನದ ಬಾಗಿಲಲ್ಲಿ ನೆಲ್ಲಿಕಾಯಿ, ಹಾಗಲಕಾಯಿ, ಬಾಳೆದಿಂಡಿನ ರಸ ಮಾರುತ್ತಾರೆ. ಬಾಳೆದಿಂಡಿನ ರಸ ಕುಡಿದರೆ ಮೂತ್ರಪಿಂಡದ ಕಲ್ಲು ಕರಗುತ್ತದೆಂದು ಬರೆಸಿದ ಒಬ್ಬರು ಅಂಕಿಯಿಂದಲೇ ದಾರಿ ಕಂಡರು. ತಮಗೆ ಕಲ್ಲು ಹೋದದ್ದು ನಿಜ ಎಂದರು. ಎಷ್ಟು ದೊಡ್ಡದಿತ್ತು ಎಂದಾಗ 4 ಮಿಲಿಮೀಟರ್ ಎಂದರು. ಅಷ್ಟು ಸಣ್ಣ ಕಲ್ಲು ತಾನಾಗಿಯೇ ಹೋಗುವುದುಂಟೇ ಎಂದು ವೈದ್ಯರನ್ನು ಕೇಳಿದ್ದಿರಾ ಎಂದಾಗ, ಹೌದು, ನೀರು ಹೆಚ್ಚು ಕುಡಿಯಿರಿ, ಬಹುಶಃ ತಾನಾಗಿಯೇ ಹೋಗುತ್ತದೆಂದು ಹೇಳಿದ್ದರು ಎಂದು ಅವರೇ ನೆನಪಿಸಿಕೊಂಡರು. 95 ಇದ್ದದ್ದು 50ಕ್ಕೆ ಬಂತು. ಹಿಂದಿರುಗುವಾಗ ಅವರು ಎಂದಿನಂತೆ ಬಾಗಿಲಲ್ಲಿ ಒಂದು ಲೋಟ ರಸ ಕುಡಿದೇ ಹೋದರು. ಮೈಗೆ, ಹೊತ್ತಿಗೆ, ಮರಕ್ಕೆ ಸಂಬಂಧಿಸಿದ ಮಾತುಗಳಲ್ಲಿ ಅಂಕಿ ನಡೆಯುತ್ತದೆ. ನಂಟಿನ ಮಾತಿನಲ್ಲಿ ನಡೆಯುವುದಿಲ್ಲ.

ನಾಲ್ಕನೆಯ ಭಾನುವಾರ ಕಂಡದ್ದನ್ನು ಬರೆಯದೆ ಈ ವಿಮರ್ಶೆ ಪೂರ್ಣವಾಗದು. ಸುಮಾರು 70 ವರ್ಷದ ಒಬ್ಬರು ಬಂದು ಕುಳಿತರು. ಪಂಚೆ, ತೋಳಿನ ಅಂಗಿ, ಕೈಯಲ್ಲಿ ಬಟ್ಟೆಯ ಚೀಲ. ಹೆಂಡತಿ ತೀರಿಹೋಗಿ ಏಳು ತಿಂಗಳಾಯಿತೆಂದೂ, ದಿನಾ ಬೆಳಿಗ್ಗೆ ಅಡುಗೆಮನೆಯ ಕಿಟಕಿಗೆ ಒಂದು ಕಾಗೆ ಬರುತ್ತದೆಂದೂ, ಅದು ಆಕೆಯೇ ಎಂದೂ ಹೇಳಿದರು. ‘ಹನ್ನೊಂದನೇ ದಿನ ಪಿಂಡ ಇಟ್ಟಾಗ ತುಂಬ ಹೊತ್ತು ಕಾಗೆ ಮುಟ್ಟಲಿಲ್ಲ. ಸಣ್ಣ ಮಗಳ ಮದುವೆ ಮಾಡ್ತೀನಿ ಅಂತ ನಾನು ಗಟ್ಟಿಯಾಗಿ ಹೇಳಿದ ಮೇಲೆ ಬಂತು. ಅದೇ ಕಾಗೆ. ಒಂದು ಕಾಲು ಸ್ವಲ್ಪ ಕುಂಟು’ ಎಂದರು. ಯುವತಿ ಬಳಪ ಹಿಡಿದಿದ್ದಳು, ಆದರೆ ಬರೆಯಲಿಲ್ಲ. ಮರಳುಗಡಿಯಾರವನ್ನು ಅಡ್ಡ ಮಲಗಿಸಿದಳು. ‘ತಾತ, ಇದನ್ನ ನಾವು ಪರೀಕ್ಷೆ ಮಾಡೋಣವೋ, ಸುಮ್ಮನೆ ಮಾತಾಡೋಣವೋ, ನೀವೇ ಹೇಳಿ’ ಎಂದಳು. ಅವರು ಸ್ವಲ್ಪ ಯೋಚಿಸಿ, ‘ಪರೀಕ್ಷೆ ಬೇಡಮ್ಮ’ ಎಂದರು. ಆಮೇಲೆ ಕಾಗೆಗೆ ಏನು ಹಾಕುತ್ತೀರಿ ಎಂದು ಆಕೆ ಕೇಳಿದಳು. ಮೊಸರನ್ನ ಎಂದರು, ಆಕೆಗೆ ಸಾಸಿವೆ ಒಗ್ಗರಣೆ ಇಷ್ಟ, ಅದನ್ನೂ ಹಾಕುತ್ತೇನೆ, ಒಗ್ಗರಣೆ ಹಾಕುವುದನ್ನು ಕಲಿತದ್ದೇ ಈಗ ಎಂದರು. ಅರ್ಧ ಗಂಟೆ ಮಾತು ನಡೆಯಿತು. ಸ್ಲೇಟು ಖಾಲಿಯಾಗಿಯೇ ಉಳಿಯಿತು.

ಆಕೆ ಮಾಡಿದ್ದು ಸರಿಯೇ ಎಂದು ಆ ಮೂವರ ನಡುವೆಯೇ ಆಮೇಲೆ ಚರ್ಚೆಯಾಯಿತು. ಎಲ್ಲ ಮಾತಿಗೂ ಒಂದೇ ಅಳತೆ ಇರಬೇಕು, ದುಃಖವಿದ್ದ ಕಡೆ ಪ್ರಶ್ನೆ ನಿಲ್ಲಿಸಿದರೆ ಪ್ರಶ್ನೆಗೆ ಬೆಲೆಯೇನು ಎಂಬುದು ಯುವಕರಲ್ಲಿ ಒಬ್ಬನ ವಾದ. ನಾನು ಆಕೆಯ ಪರ. ಕಾಗೆಯ ಮಾತಿನಿಂದ ಯಾರಿಗೂ ಕೇಡಿಲ್ಲ, ಯಾರ ಹಣವೂ ಹೋಗುವುದಿಲ್ಲ, ಆ ಹಿರಿಯರು ಬಂದದ್ದು ತೀರ್ಪಿಗಾಗಿಯೂ ಅಲ್ಲ. ಪರೀಕ್ಷೆ ಬೇಕೋ ಬೇಡವೋ ಎಂಬ ಆಯ್ಕೆಯನ್ನು ಅವರ ಮುಂದೆಯೇ ಇಟ್ಟದ್ದರಿಂದ ಅಲ್ಲಿ ಕಪಟವೂ ಇರಲಿಲ್ಲ. ಅದೇ ಯುವಕ ಮುಂದಿನ ವಾರ, ಮಗಳ ಜಾತಕದಲ್ಲಿ ಕುಜದೋಷವಿದೆಯೆಂದು ಸಂಬಂಧಗಳು ತಪ್ಪುತ್ತಿವೆ ಎಂದು ಹೇಳಿಕೊಂಡ ತಾಯಿಯೊಬ್ಬರನ್ನು ಗಡಿಯಾರ ನೋಡಿಕೊಂಡು ಒಂದರ ಮೇಲೊಂದು ಪ್ರಶ್ನೆ ಕೇಳಿದ. ಪ್ರಶ್ನೆಗಳು ತಪ್ಪಾಗಿರಲಿಲ್ಲ, ಜಾತಕದ ಕಾರಣದಿಂದ ಒಬ್ಬ ಹೆಣ್ಣುಮಗಳ ಬದುಕು ನಿಲ್ಲುವಲ್ಲಿ ಪ್ರಶ್ನೆ ಕೇಳಲೇಬೇಕು. ಆದರೆ ಆ ತಾಯಿ ಕಣ್ಣೊರೆಸಿಕೊಳ್ಳುತ್ತಿದ್ದಾಗ ಆತ ‘ಈಗ ಅಂಕಿ ಎಷ್ಟು?’ ಎಂದ. ಆಕೆ ಉತ್ತರ ಹೇಳದೆ ಎದ್ದುಹೋದರು. ಕೇಳಬೇಕಾದ ಮಾತನ್ನು ಕೇಳುವ ಹೊತ್ತು ತಪ್ಪಿದ್ದರಿಂದ ಆಕೆಯ ಅಂಕಿ ಬಹುಶಃ ಬಂದಾಗ ಇದ್ದದ್ದಕ್ಕಿಂತ ಮೇಲೇ ಹೋಗಿರಬೇಕು. ಮೂವರಿಗೂ ಒಂದೇ ಮಟ್ಟದ ತಾಳ್ಮೆ ಇಲ್ಲ. ಸದ್ಯಕ್ಕೆ ಈ ಸೇವೆಯ ಗುಣಮಟ್ಟ ನಿಮ್ಮ ಎದುರಿಗೆ ಯಾರು ಕುಳಿತಿದ್ದಾರೆ ಎಂಬುದರ ಮೇಲೆ ನಿಂತಿದೆ.

ಮೊದಲ ಎರಡು ವಾರ ಮೊಬೈಲನ್ನು ಕಂಬಕ್ಕೆ ಕಟ್ಟಿ ಚಿತ್ರೀಕರಿಸುತ್ತಿದ್ದರು. ಕುಳಿತವರನ್ನು ಕೇಳುತ್ತಿದ್ದರು, ನಿಜ. ಆದರೆ ಕುಳಿತ ಮೇಲೆ ಬೇಡ ಎನ್ನುವ ಸಂಕೋಚ ಎಷ್ಟು ಜನಕ್ಕೆ ಇರುತ್ತದೆಂಬುದನ್ನು ಅವರು ಯೋಚಿಸಿರಲಿಲ್ಲ. ಮೂರನೆಯ ವಾರದಿಂದ ಅದನ್ನು ನಿಲ್ಲಿಸಿದ್ದಾರೆ. ಮಾತಿನ ರೀತಿಯಲ್ಲೂ ಅದರಿಂದ ವ್ಯತ್ಯಾಸವಾಗಿದೆ: ಕ್ಯಾಮೆರಾ ಇದ್ದಾಗ ಜನ ಎದುರಿಗಿರುವವರನ್ನು ಬಿಟ್ಟು ಊರಿಗೆ ಉತ್ತರ ಹೇಳುತ್ತಿದ್ದರು.

ಯಾರು ಕುಳಿತುಕೊಳ್ಳುತ್ತಾರೆ ಎಂಬ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ಆರು ವಾರದಲ್ಲಿ ನಾನು ಎಣಿಸಿದ 37 ಜನರಲ್ಲಿ ಬಹುತೇಕರು ಬೂಟು ಹಾಕಿಕೊಂಡು ನಡೆಯಲು ಬಂದವರು, ಓದಿದವರು, ಭಾನುವಾರ ಬಿಡುವಿದ್ದವರು. ರಸ ಮಾರುವವರು ಒಮ್ಮೆಯೂ ಕುಳಿತಿಲ್ಲ. ಎಲೆ ಗುಡಿಸುತ್ತಿದ್ದ ಪೌರಕಾರ್ಮಿಕ ಮಹಿಳೆಯೊಬ್ಬರು ಪೊರಕೆ ಹಿಡಿದು ತುಸು ಹೊತ್ತು ನಿಂತು ನೋಡಿ, ‘ಇಲ್ಲಿ ಕೂತ್ರೆ ಎಷ್ಟು ತಗೋತೀರಿ?’ ಎಂದು ಕೇಳಿದರು. ಏನೂ ಇಲ್ಲ, ಬನ್ನಿ ಅಕ್ಕ ಎಂದು ಯುವತಿ ಕರೆದಳು. ‘ಹಾಜರಿ ಹಾಕೋರು ಬರ್ತಾರೆ’ ಎಂದು ಅವರು ಮುಂದೆ ಸಾಗಿದರು. ಮೇಜನ್ನು ವಾರಕ್ಕೊಮ್ಮೆಯಾದರೂ ಸಂಜೆಯ ಹೊತ್ತು ಬಸ್ ನಿಲ್ದಾಣದ ಹತ್ತಿರ, ಮಾರುಕಟ್ಟೆಯ ಹತ್ತಿರ ಇಡುವಂತೆ ನಾನು ಸೂಚಿಸಿದ್ದೇನೆ. ಅಲ್ಲಿ 15 ನಿಮಿಷ ಸಿಗಲಿಕ್ಕಿಲ್ಲ. 5 ನಿಮಿಷದ ಮರಳುಗಡಿಯಾರ ಸಾಕಾಗಬಹುದು.

ಹೋಗುವವರಿಗೆ ಒಂದೆರಡು ಮಾತು. 8 ಗಂಟೆಯ ಮೇಲೆ ನಗೆಕೂಟದವರ ಸದ್ದು ಪಕ್ಕದಲ್ಲೇ ಇರುವುದರಿಂದ, ಕಿವಿ ಸ್ವಲ್ಪ ಮಂದವಿರುವವರು 7ಕ್ಕೇ ಹೋಗುವುದು ಒಳ್ಳೆಯದು. ಬೆನ್ನುನೋವು ಇರುವವರು ಆ ಪ್ಲಾಸ್ಟಿಕ್ ಕುರ್ಚಿಯ ಬದಲು ಕಲ್ಲುಬೆಂಚಿನ ಮೇಲೇ ಮಾತನಾಡುತ್ತೇನೆ ಎಂದರೆ ಒಪ್ಪುತ್ತಾರೆ. ಯುವತಿ ಇರುವ ಹೊತ್ತಿಗೆ ಕಾಯುವುದಾದರೆ ಕಾಯಿರಿ. ಜಗಳಕ್ಕೆ ಸಿದ್ಧರಾಗಿ ಬರುವವರಿಗೆ ಅಲ್ಲಿ ಎದುರಾಳಿ ಸಿಗುವುದಿಲ್ಲ. ದೊಡ್ಡ ತತ್ತ್ವದ ವಿಷಯವನ್ನೇ ಆರಿಸಬೇಕೆಂದೂ ಇಲ್ಲ. ಸಣ್ಣದಾಗಿ, ಕೈಗೆ ಸಿಗುವಂತಿದ್ದಷ್ಟೂ ಮಾತು ಆಳಕ್ಕೆ ಇಳಿಯುತ್ತದೆ.

ನಾನು ಕುರ್ಚಿಯಲ್ಲಿ ಕುಳಿತ ಆ ಭಾನುವಾರದ ಮರುದಿನ ಒಂದು ಇನ್ನೂರು ಪುಟದ ಪುಸ್ತಕ ಕೊಂಡೆ. ಪ್ರತಿ ಹಾಳೆಯಲ್ಲೂ ನಾಲ್ಕು ಮನೆ ಎಳೆದಿದ್ದೇನೆ: ರಾಹುಕಾಲದಲ್ಲಿ ಆರಂಭಿಸಿ ಕೈಹತ್ತಿದ್ದು, ರಾಹುಕಾಲದಲ್ಲಿ ಆರಂಭಿಸಿ ಕೆಟ್ಟದ್ದು, ಬೇರೆ ಹೊತ್ತಿನಲ್ಲಿ ಆರಂಭಿಸಿ ಕೈಹತ್ತಿದ್ದು, ಬೇರೆ ಹೊತ್ತಿನಲ್ಲಿ ಕೆಟ್ಟದ್ದು. ಯಾವುದನ್ನು ಕೈಹತ್ತಿತು ಎನ್ನಬೇಕು, ಯಾವುದನ್ನು ಕೆಟ್ಟಿತು ಎನ್ನಬೇಕು ಎಂಬುದನ್ನು ಕೆಲಸ ಆರಂಭಿಸುವ ಮೊದಲೇ ಅಂಚಿನಲ್ಲಿ ಬರೆದಿಡುತ್ತೇನೆ, ಆಮೇಲೆ ಮನಸ್ಸಿಗೆ ಬಂದಂತೆ ತಿದ್ದದಿರಲೆಂದು. ಇಲ್ಲಿಯವರೆಗೆ 43 ಕೆಲಸಗಳು ಸೇರಿವೆ. ಅದರಲ್ಲಿ ಆರು ರಾಹುಕಾಲದವು, ಅವುಗಳಲ್ಲಿ ನಾಲ್ಕನ್ನು ಬೇಕೆಂದೇ ಆ ಹೊತ್ತಿಗೆ ಆರಂಭಿಸಿದೆ. ಮೊದಲನೆಯದು, ಒಂದು ಗುರುವಾರ ಮಧ್ಯಾಹ್ನ 2 ಗಂಟೆಗೆ ಕಲೆಸಿದ ಹಪ್ಪಳದ ಹಿಟ್ಟು. ಹಪ್ಪಳ ಒಣಗಿ ಡಬ್ಬಿ ಸೇರಿದೆ, ಚೆನ್ನಾಗಿ ಅರಳುತ್ತದೆ. ಆರು ಕೆಲಸಗಳಿಂದ ಏನನ್ನೂ ತೀರ್ಮಾನಿಸಲಾಗದೆಂಬುದನ್ನು ಲೆಕ್ಕ ಬಲ್ಲವಳಾಗಿ ನಾನು ಬಲ್ಲೆ. ಪುಸ್ತಕದಲ್ಲಿ ಇನ್ನೂ ನೂರೆಂಬತ್ತಕ್ಕೂ ಹೆಚ್ಚು ಪುಟಗಳು ಖಾಲಿ ಇವೆ.